ಹೊಲ ಕುಡಿದ ನೀರು

ಹೊಲ ಸಾಯಿಸುವ ಕೆಲಸಕ್ಕೆ ನನ್ನನ್ನು ಇಟ್ಟುಕೊಂಡರು. ನಲವತ್ತೊಂದು ವರ್ಷ ಅದೇ ಹೊಲಕ್ಕೆ ನೀರು ಹಾಯಿಸಿದವಳು ನಾನು. ಅದರ ಜೀವ ಎಲ್ಲೆಲ್ಲಿದೆ ಅಂತ ಬಾರ್ರಿಯಾಲ್ ಊರಲ್ಲಿ ನನ್ನಷ್ಟು ಬಲ್ಲವರು ಇನ್ಯಾರೂ ಇರಲಿಲ್ಲ.

ಹೊಲ ನನ್ನದಲ್ಲ. ಮಂಜಾನಾರೆಸ್ ಮನೆಯವರದು. ಊರ ಕೆಳಗೆ, ಹೊಳೆಗೆ ಹತ್ತಿರ, ತಗ್ಗಿನಲ್ಲಿದೆ. ತಗ್ಗಿನ ಹೊಲ ಅಂತಲೇ ಕರೆಯುತ್ತೇವೆ. ಅರವತ್ತು ಎಕರೆ. ಬೆಳೆ ಕುದುರೆ ಮಸಾಲೆ ಸೊಪ್ಪು, ದನದ ಮೇವು. ಅದರ ಬೇರು ಎರಡಾಳು ಆಳಕ್ಕೆ ಇಳಿಯುತ್ತದೆ. ಮೇಲಿನ ನೀರು ನಿಲ್ಲಿಸಿದರೂ ಸಾಯುವುದಿಲ್ಲ. ಒಳಗಿಂದ ಕುಡಿಯುತ್ತದೆ.

ಹೊಳೆಯ ತಿರುವಿಗೆ ಜಲ್ಲಿ ಕಂಪನಿ ಬಂತು. ಹೆದ್ದಾರಿಗೆ ಜಲ್ಲಿ ಬೇಕಿತ್ತು. ನಮ್ಮ ಹೊಳೆದಂಡೆಯಲ್ಲಿ ಮೇಲಿನ ಮಣ್ಣು ಸರಿಸಿದರೆ ಕೆಳಗೆಲ್ಲ ಜಲ್ಲಿಯೇ. ಸ್ವಲ್ಪ ತೋಡುವಷ್ಟರಲ್ಲಿ ಗುಂಡಿಯಲ್ಲಿ ನೀರು ನಿಂತಿತು. ಅದು ಮಳೆ ನೀರಲ್ಲ. ಹೊಳೆಯದೇ ನೀರು, ನೆಲದೊಳಗೆ ನಡೆದು ಹೋಗುತ್ತಿದ್ದದ್ದು. ಬಾಯಿ ತೆರೆದ ಗುಂಡಿಯಿಂದ ಅದನ್ನು ಬಿಸಿಲು ಹೀರಿತು, ಗಾಳಿ ಹೀರಿತು. ಹೊಳೆ ಅಷ್ಟು ಬಡವಾಯಿತು.

ನಮ್ಮ ಕೊಲೊರಾಡೊ ರಾಜ್ಯದಲ್ಲಿ ಕಾನೂನು ಹೀಗಿದೆ. ಹೊಳೆಯಿಂದ ನೀನು ಎಷ್ಟು ಕಳೆದೆಯೋ ಅಷ್ಟನ್ನು ತುಂಬಿಕೊಡು. ಕಂಪನಿ ನೀರು ಎಲ್ಲಿಂದ ತರಬೇಕು? ತಗ್ಗಿನ ಹೊಲದ ನೀರಿನ ಹಕ್ಕನ್ನು ಕೊಂಡಿತು. ಆ ಹೊಲ ಕುಡಿಯುತ್ತಿದ್ದ ನೀರನ್ನು ಹೊಳೆಯಲ್ಲೇ ಬಿಟ್ಟುಬಿಟ್ಟರೆ, ಗುಂಡಿ ಕುಡಿದದ್ದಕ್ಕೆ ಅದು ಸರಿಹೋಯಿತು. ಹೊಲ ಬಾಯಾರಬೇಕು, ಗುಂಡಿ ಕುಡಿಯಬೇಕು. ಅಷ್ಟೇ.

ಆದರೆ ಹೊಲ ನಿಜವಾಗಿ ಸತ್ತಿದೆ ಅಂತ ತೋರಿಸಬೇಕು. ಸರ್ಕಾರದ ಇನ್ಸ್‌ಪೆಕ್ಟರು ಬಂದು ನೋಡುತ್ತಾನೆ. ಒಂದು ಹಸಿರು ತಲೆ ಕಂಡರೂ ಹೊಲ ಇನ್ನೂ ಕುಡಿಯುತ್ತಿದೆ ಅಂತ ಬರೆದುಕೊಳ್ಳುತ್ತಾನೆ. ಟ್ರ್ಯಾಕ್ಟರ್ ಬಿಟ್ಟು ಉತ್ತು ಹಾಕೋಣವೆಂದರೆ ಮಣ್ಣು ಗಾಳಿಗೆದ್ದು ಊರು ಮುಚ್ಚುತ್ತದೆ ಅಂತ ಅದಕ್ಕೆ ತಡೆ. ಹಾಗಾಗಿ ಒಬ್ಬ ಆಳು ಬೇಕಿತ್ತು. ಬೆನ್ನಿಗೆ ವಿಷದ ಡಬ್ಬಿ, ಕೈಗೆ ಸಲಿಕೆ.

ಆ ಆಳು ನಾನು. ಹೆಸರು ಅವೆಲಿನಾ ಮಂಜಾನಾರೆಸ್. ಆಗ ನನಗೆ ಅರವತ್ತೆರಡು.

ಹೆಸರು ಕೇಳಿ ನಾನೂ ಆ ಮನೆಯವಳು ಅಂದುಕೊಳ್ಳಬೇಡಿ. ನನ್ನ ಅಜ್ಜಿಯ ಅಮ್ಮ ನವಾಹೊ ಬುಡಕಟ್ಟಿನ ಹುಡುಗಿ. ಏಳು ವರ್ಷದವಳಿದ್ದಾಗ ಅವಳನ್ನು ಹಿಡಿದು, ಕುದುರೆಯ ಮೇಲೆ ಮೂಟೆಯ ಹಾಗೆ ಹಾಕಿಕೊಂಡು ಬಂದು, ಮಂಜಾನಾರೆಸ್ ಮನೆಗೆ ಮಾರಿದರು. ಪಾದ್ರಿ ತಲೆಗೆ ನೀರು ಹುಯ್ದು ಹೊಸ ಹೆಸರಿಟ್ಟ. ಮಾರಿದರು ಅಂತ ಊರಲ್ಲಿ ಯಾರೂ ಅನ್ನುವುದಿಲ್ಲ. ‘ಸಾಕಿಕೊಂಡರು’ ಅನ್ನುತ್ತಾರೆ. ನಾಲ್ಕು ತಲೆಮಾರಾದರೂ ನಾವು ‘ಸಾಕಿದವರು’. ಅವರ ಅಡ್ಡಹೆಸರು ನಮಗೂ ಬಂತು. ಹೊಲ ಬರಲಿಲ್ಲ, ನೀರು ಬರಲಿಲ್ಲ. ಅವರ ಹಿತ್ತಲ ಆಚೆಗಿನ ಎರಡು ಕೋಣೆಯ ಮಣ್ಣಿನ ಮನೆಯಲ್ಲಿ ನಮ್ಮನ್ನು ಇರಗೊಟ್ಟರು. ನನ್ನ ಅಮ್ಮ ಅಲ್ಲಿ ಸತ್ತಳು. ನನ್ನ ಗಂಡನೂ ಅಲ್ಲೇ ಸತ್ತ.

ನೀರು ಹಾಯಿಸುವುದು ಅಂದರೆ ಏನು ಅಂತ ಕುರ್ಚಿ ಮೇಲೆ ಕೂತವರಿಗೆ ಗೊತ್ತಿಲ್ಲ. ಬೆಟ್ಟದ ಹಿಮ ಕರಗಿ ಬರುವ ನೀರು ಅದು. ಏಪ್ರಿಲ್ಲಿನಲ್ಲಿ ಕಾಲಿಟ್ಟರೆ ಮೂಳೆ ಸಿಡಿಯುತ್ತದೆ. ಕಾಲುವೆಗೆ ಅಡ್ಡ ಕಟ್ಟಲು ದಪ್ಪ ತಾರ್ಪಾಲು, ಅದಕ್ಕೊಂದು ಮರದ ಬಡಿಗೆ. ಒಣಗಿದ್ದಾಗ ಎತ್ತಬಹುದು. ಒದ್ದೆಯಾದರೆ ಒಂದು ಕರುವಿನ ಭಾರ. ಅದನ್ನು ಹೆಗಲ ಮೇಲೆ ಹಾಕಿಕೊಂಡು ಒಂದು ಮಡಿಯಿಂದ ಇನ್ನೊಂದು ಮಡಿಗೆ ಹೋಗಬೇಕು. ದಿನಕ್ಕೆ ಇಪ್ಪತ್ತು ಸಲ. ಎಂಟು ತಿಂಗಳ ಬಸುರಿಯಾಗಿದ್ದಾಗಲೂ ಹೊತ್ತೆ. ಬೂಟು ಯಾವಾಗಲೂ ಸೋರುತ್ತಿತ್ತು. ಬೆರಳ ಸಂದಿಯ ಚರ್ಮ ಕೊಳೆತು ಬಿಳಿಯಾಗಿ ಕಿತ್ತು ಬರುತ್ತಿತ್ತು. ಇವತ್ತಿಗೂ ನನ್ನ ಎಡಗಾಲಿನ ಎರಡು ಉಗುರು ಇಲ್ಲ.

ಆ ಹೊಲದ ಹಿಂಭಾಗ ದಿಬ್ಬ. ಮೂರರಲ್ಲಿ ಒಂದು ಪಾಲು. ಮೊದಲು ಕಂಬಗಳ ಮೇಲೆ ನಿಲ್ಲಿಸಿದ ಒಂದು ಹಲಗೆ ದೋಣಿಯಲ್ಲಿ ಹರಿದು ನೀರು ದಿಬ್ಬಕ್ಕೆ ಹೋಗುತ್ತಿತ್ತಂತೆ. ನಾನು ಕೆಲಸಕ್ಕೆ ಸೇರುವ ಹಿಂದಿನ ವರ್ಷ ಪ್ರವಾಹ ಬಂದು ಅದು ಮುರಿಯಿತು. ಆಗಿನ ಯಜಮಾನ ದೊನ್ ಫಿದೆನ್ಸಿಯೊ ಅದನ್ನು ಮತ್ತೆ ಕಟ್ಟಿಸಲಿಲ್ಲ. ಆಳು ಇದ್ದಾಳಲ್ಲ.

“ದಿಬ್ಬಕ್ಕೆ ಹತ್ತಿಸೇ,” ಅನ್ನುತ್ತಿದ್ದ.

“ನೀರು ಏರಿಗೆ ಹತ್ತಲ್ಲ ದೊನ್ ಫಿದೆನ್ಸಿಯೊ.”

“ಹತ್ತುತ್ತೆ. ಹತ್ತಿಸೋರಿಗೆ ಬುದ್ಧಿ ಇರಬೇಕು. ನಿಮ್ಮ ಕುಲಕ್ಕೆ ನೀರಿನ ಬುದ್ಧಿ ಎಲ್ಲಿಂದ ಬರಬೇಕು?”

ಮೂರು ಬೇಸಿಗೆ ಬದು ಹಾಕಿದೆ. ಹುಲ್ಲು, ಕಲ್ಲು, ಮಣ್ಣು ಹೊತ್ತೆ. ಬದು ಒಡೆಯುತ್ತಿತ್ತು. ಮತ್ತೆ ಹಾಕುತ್ತಿದ್ದೆ. ಮೂರನೇ ಬೇಸಿಗೆ ಬದು ಒಡೆದು ಕೊಯ್ದಿಟ್ಟ ಮೇವೆಲ್ಲ ನೆನೆಯಿತು. ದೊನ್ ಫಿದೆನ್ಸಿಯೊ ನನ್ನ ಕೈಯ ಸಲಿಕೆಯನ್ನೇ ಕಿತ್ತುಕೊಂಡು ಅದರ ಹಿಡಿಯಿಂದ ಬೆನ್ನಿಗೆ ಬಾರಿಸಿದ. ಎರಡೇಟು. ಮೂರನೆಯದಕ್ಕೆ ನಾನು ಬಿದ್ದೆ. ಆಗ ನನಗೆ ಇಪ್ಪತ್ತನಾಲ್ಕು. ಆಮೇಲೆ ಅವನೂ ದಿಬ್ಬದ ಮಾತು ಬಿಟ್ಟ. ಅಲ್ಲಿ ಮುಳ್ಳುಪೊದೆ ಬೆಳೆಯಿತು.

ಇನ್ನೊಂದು ಮಾತು. ನಮ್ಮ ಕಾಲುವೆ ಹೊಳೆಯಲ್ಲಿ ಮೊದಲನೆಯದಲ್ಲ. ನಮಗಿಂತ ಹಳೆಯ ಹಕ್ಕಿನವರು ಮೇಲೆ ಇದ್ದಾರೆ, ನೀರು ಕಡಿಮೆಯಾದರೆ ಮೊದಲು ಅವರಿಗೆ. ಜುಲೈ ಕೊನೆಗೆ ಸಾಂತಾ ಆನಾ ಹಬ್ಬ ಕಳೆಯುವಷ್ಟರಲ್ಲಿ ನಮ್ಮ ಕಾಲುವೆಯಲ್ಲಿ ಕಪ್ಪೆಗೂ ನೀರಿರುತ್ತಿರಲಿಲ್ಲ. ಎಲ್ಲೋ ಒಂದೆರಡು ವರ್ಷ ನೀರು ಆಗಸ್ಟ್ ನೋಡಿತು. ಸೆಪ್ಟೆಂಬರಿನಲ್ಲಿ ನೀರನ್ನು ನಾನು ಒಮ್ಮೆಯೂ ಕಂಡಿಲ್ಲ.

ಇದೆಲ್ಲ ನನ್ನೊಳಗೆ ಸುಮ್ಮನೆ ಬಿದ್ದಿತ್ತು. ಯಾರೂ ಕೇಳಿರಲಿಲ್ಲ. ಕಾಲುವೆಯವರ ವಾರ್ಷಿಕ ಸಭೆಗೆ ನಾನು ಹೋಗುತ್ತಿದ್ದೆ, ಬೀನ್ಸ್ ಬೇಯಿಸಲು. ಒಮ್ಮೆ ತೂಬು ಸೋರುವ ವಿಷಯಕ್ಕೆ ಬಾಯಿ ಹಾಕಿದೆ. ಕಾಲುವೆಯ ಕೊನೆಯ ಊರು ಓಹಿತೊಸ್‌ನ ಎಪಿಮೇನಿಯೊ ಅರ್ಚುಲೆತಾ ತಿರುಗಿ ನೋಡಿದ. “ನೀರಿಲ್ಲದವಳಿಗೆ ಮಾತೆಲ್ಲಿಂದ ಬಂತು? ಒಲೆ ನೋಡ್ಕೋ,” ಅಂದ. ಎಲ್ಲ ನಕ್ಕರು. ಅವನೇನು ದೊಡ್ಡ ಕುಳವಲ್ಲ. ಆರು ಎಕರೆ ಬಟಾಣಿ, ಜೋಳ. ಕೊನೆಯವನಾದ್ದರಿಂದ ಎಲ್ಲರೂ ಕುಡಿದು ಬಿಟ್ಟದ್ದು ಅವನಿಗೆ. ಆದರೂ ನನ್ನನ್ನು ನೋಡಿ ನಗುವಷ್ಟು ನೀರು ಅವನಿಗಿತ್ತು.

ಹೊಲ ಸಾಯಿಸುವುದು ನೀರು ಹಾಯಿಸುವುದಕ್ಕಿಂತ ಸುಲಭ ಅಂದುಕೊಂಡಿದ್ದೆ. ಅಲ್ಲ.

ಕಂಪನಿಯ ಹುಡುಗ ಇಂಜಿನಿಯರು ಬ್ರೆಂಟ್ ನನಗೆ ಒಂದು ನಕ್ಷೆ ಕೊಟ್ಟ. ಹೊಲವನ್ನು ಚೌಕ ಚೌಕವಾಗಿ ಹೋಳು ಮಾಡಿದ್ದ. ನೂರಿಪ್ಪತ್ತು ಚೌಕ. ಪ್ರತಿ ವಾರ ಪ್ರತಿ ಚೌಕದಲ್ಲಿ ಎಷ್ಟು ಗಿಡ ಸಾಯಿಸಿದೆ ಅಂತ ಬರೆಯಬೇಕು. ಗಿಡವೇ ಇಲ್ಲದಿದ್ದರೆ ಸೊನ್ನೆ ಹಾಕಬೇಕು. ಕೆಳಗೆ ಸಹಿ.

“ಓದೋಕೆ ಬರುತ್ತಾ ಅಮ್ಮಾ?” ಅಂತ ಕೇಳಿದ. ಕೆಟ್ಟವನಲ್ಲ. ಕೇಳುವಾಗ ಅವನಿಗೇ ನಾಚಿಕೆಯಾಯಿತು.

“ಬರುತ್ತೆ,” ಅಂದೆ. “ಯಾರೂ ಇಲ್ಲಿತನಕ ಓದೋಕೆ ಏನೂ ಕೊಟ್ಟಿರಲಿಲ್ಲ.”

ಬೇಸಿಗೆಯಿಡೀ ನಡೆದೆ. ಡಬ್ಬಿ ಬೆನ್ನಿಗೆ ಸೋರುತ್ತಿತ್ತು. ಅಂಗಿ ಅಲ್ಲಿ ಸುಟ್ಟ ಹಾಗೆ ಹಳದಿಯಾಯಿತು, ಒಳಗೆ ಚರ್ಮವೂ. ಕುದುರೆ ಮಸಾಲೆಯ ಹಳೆಯ ಬುಡ ನನ್ನ ಮೊಣಕೈಯಷ್ಟು ದಪ್ಪ. ವಿಷ ಹೊಡೆದ ಹತ್ತು ದಿನಕ್ಕೆ ಒಣಗಿದಂತೆ ನಟಿಸುತ್ತದೆ. ಹನ್ನೊಂದನೆಯ ದಿನ ಪಕ್ಕದಿಂದ ಎರಡೆಲೆ. ಸಲಿಕೆ ಇಳಿಸಿ, ಮೇಲೆ ಹತ್ತಿ ನಿಂತು, ಬುಡ ಕತ್ತರಿಸಬೇಕು. ಕತ್ತರಿಸಿದಾಗ ಹಸಿ ವಾಸನೆ ಬರುತ್ತದೆ. ಇಲ್ಲಿಗೆ ನಾನೇ ನೀರು ತಂದಿದ್ದೆ. ಕೆಲವು ಬುಡಗಳ ಜಾಗ ನೋಡಿದರೆ ಯಾವ ವರ್ಷ ಯಾವ ಮಡಿ ಅಂತಲೂ ಹೇಳಬಲ್ಲೆ.

ಅಳಲಿಲ್ಲ. ಬರೆದುಕೊಂಡೆ. ಚೌಕ ಹದಿನೇಳು, ಮೂವತ್ತೊಂದು ಗಿಡ. ಚೌಕ ಹದಿನೆಂಟು, ಇಪ್ಪತ್ತಾರು. ದಿಬ್ಬದ ಚೌಕಗಳಿಗೆ ಮೊದಲ ವಾರವೂ ಸೊನ್ನೆ, ಕೊನೆಯ ವಾರವೂ ಸೊನ್ನೆ. ಅಲ್ಲಿ ಸಾಯಿಸುವುದಕ್ಕೆ ಏನಿತ್ತು? ಮುಳ್ಳು.

ಅಕ್ಟೋಬರಿನಲ್ಲಿ ದೊನ್ ಎವರಿಸ್ತೊ ಕರೆಸಿದ. ದೊನ್ ಫಿದೆನ್ಸಿಯೊನ ಮಗ, ಈಗಿನ ಯಜಮಾನ. ನನಗಿಂತ ನಾಲ್ಕು ವರ್ಷ ಚಿಕ್ಕವನು. ಅವನ ಮೂಗು ಒರೆಸಿ ಆಡಿಸಿದವಳು ನಾನು. ಕಂಪನಿಗೆ ನೀರು ಮಾರಿದವನು ಅವನು.

ಅಡುಗೆಮನೆಯಲ್ಲಿ ದೊಡ್ಡ ಮೇಜಿನ ಮುಂದೆ ಒಬ್ಬ ಹೆಂಗಸು ಕೂತಿದ್ದಳು. ಕಂಪನಿಯ ವಕೀಲೆ, ಹೆಸರು ಹಾಲ್ವರ್ಸನ್. ಮುಂದೆ ಕಾಗದ.

“ಕೂತ್ಕೋ ಅವೆಲಿನಾ,” ಅಂದ ಎವರಿಸ್ತೊ.

“ಬೂಟಿಗೆ ಮಣ್ಣಿದೆ. ನಿಂತೇ ಇರ್ತೀನಿ.”

“ಪರವಾಗಿಲ್ಲ, ಕೂತ್ಕೋ. ಕಾಫಿ ಕುಡಿ.”

ಆ ಮೇಜನ್ನು ಐವತ್ತು ವರ್ಷ ಒರೆಸಿದ್ದೇನೆ. ಅದರ ಮುಂದೆ ಕೂತದ್ದು ಆವತ್ತೇ ಮೊದಲು. ಕಾಫಿಗೆ ಅವರೇ ಸಕ್ಕರೆ ಹಾಕಿಕೊಟ್ಟರು. ಏನೋ ದೊಡ್ಡದೇ ಕೇಳುತ್ತಾರೆ ಅಂತ ಆಗಲೇ ಗೊತ್ತಾಯಿತು.

ವಕೀಲೆ ಹೇಳಿದಳು, ಈಗ ನಡೆಯುತ್ತಿರುವುದು ತಾತ್ಕಾಲಿಕ ಅನುಮತಿ, ನೀರಿನ ಕೋರ್ಟು ಪಕ್ಕಾ ಮಾಡಬೇಕು ಅಂತ. ಹೊಲ ಇಷ್ಟು ವರ್ಷ ನಿಜವಾಗಿ ಎಷ್ಟು ನೀರು ಕುಡಿಯಿತು ಅಂತ ಕೋರ್ಟು ಕೇಳುತ್ತದೆ. ಅದು ಕುಡಿದಷ್ಟೇ ಗುಂಡಿ ಕುಡಿಯಬಹುದು.

“ಅದಕ್ಕೆ ನಿಮ್ಮದೊಂದು ಪ್ರಮಾಣ ಪತ್ರ. ಓದ್ತೀನಿ, ಕೇಳಿಸಿಕೊಳ್ಳಿ,” ಅಂದಳು. “‘ಅವೆಲಿನಾ ಮಂಜಾನಾರೆಸ್ ಆದ ನಾನು ಪ್ರಮಾಣ ಮಾಡಿ ತಿಳಿಯಪಡಿಸುವುದೇನೆಂದರೆ, ನಲವತ್ತೊಂದು ವರ್ಷಗಳ ಕಾಲ ಸದರಿ ಹೊಲದ ಸಂಪೂರ್ಣ ಅರವತ್ತು ಎಕರೆಗೆ, ಪ್ರತಿ ವರ್ಷ ಏಪ್ರಿಲ್ ಆರಂಭದಿಂದ ಅಕ್ಟೋಬರ್ ಅಂತ್ಯದವರೆಗೆ...’”

“ಕೊಡಿ ಇಲ್ಲಿ,” ಅಂದೆ.

“ಏನು?”

“ಕಾಗದ. ನಾನೇ ಓದ್ಕೋತೀನಿ.”

ನಿಧಾನವಾಗಿ ಓದಿದೆ. ಅವಳು ಗಡಿಯಾರ ನೋಡಿಕೊಂಡಳು. ಎವರಿಸ್ತೊ ಚಮಚ ತಿರುಗಿಸಿದ. ಓದಿ ಮುಗಿಸಿ ಕಾಗದವನ್ನು ಮೇಜಿನ ಮೇಲಿಟ್ಟೆ.

“ಇದು ಸುಳ್ಳು.”

“ಸುಳ್ಳಲ್ಲ, ಅಂದಾಜು,” ಅಂದ ಎವರಿಸ್ತೊ.

“ಅಂದಾಜಾದ್ರೆ ನಿಮ್ಮ ಹೆಸರಲ್ಲಿ ಹಾಕಿ. ನನ್ನ ಹೆಸರು ಯಾಕೆ?”

“ನಾನು ಹಾಕ್ತೀನಿ. ಆದ್ರೆ ನಾನು ನೀರು ಹಾಯಿಸಿಲ್ವಲ್ಲ. ಕೋರ್ಟು ಕಂಡವರನ್ನ ಕೇಳುತ್ತೆ. ಅಪ್ಪ ಇಲ್ಲ. ಕಂಡೋರು ಅಂತ ಉಳಿದಿರೋದು ನೀನೊಬ್ಬಳೇ.”

ನಾನು ಅವನ ಮುಖ ನೋಡಿದೆ. ಕಾಲುವೆಯ ಪುಸ್ತಕದಲ್ಲಿ ಅವರ ಹೆಸರು, ಹಕ್ಕು ಅವರದು, ಮಾರಿದವರು ಅವರು. ಆದರೆ ಆ ಹಕ್ಕು ನಿಂತಿದ್ದು ನನ್ನ ಕಣ್ಣ ಮೇಲೆ. ನಲವತ್ತೊಂದು ವರ್ಷ ಅದನ್ನು ನನಗೆ ಯಾರೂ ಹೇಳಿರಲಿಲ್ಲ.

“ದಿಬ್ಬಕ್ಕೆ ನೀರು ಹತ್ತಿಲ್ಲ,” ಅಂದೆ. “ಸಾಂತಾ ಆನಾ ಆದ್ಮೇಲೆ ಕಾಲುವೇಲಿ ನೀರಿಲ್ಲ. ನಿಮಗೂ ಗೊತ್ತು.”

“ಅವೆಲಿನಾ, ಇದರಿಂದ ಯಾರಿಗೆ ಏನು ನಷ್ಟ?”

“ಹೊಲ ಕುಡೀದೇ ಇರೋ ನೀರನ್ನ ಕುಡಿದಿದೆ ಅಂತ ಬರೆದ್ರೆ, ಗುಂಡಿ ಅದನ್ನೂ ಕುಡಿಯುತ್ತೆ. ಅದು ಓಹಿತೊಸ್‌ನವರ ಪಾಲಿಂದ ಹೋಗುತ್ತೆ.”

“ಓಹೋ. ಓಹಿತೊಸ್‌ನವರು ನಿನ್ನ ನೆಂಟರಾ?”

ನಾನು ಕಾಫಿ ಲೋಟ ಪಕ್ಕಕ್ಕೆ ಸರಿಸಿದೆ. ಅವನು ದನಿ ಇಳಿಸಿದ. ಅವನ ಅಪ್ಪ ದನಿ ಏರಿಸುತ್ತಿದ್ದ, ಇವನದು ಇಳಿಸುವ ಬಗೆ.

“ನೋಡು, ಆ ಮನೆ ನಿನ್ನ ಹೆಸರಿಗೆ ಬರೆದುಕೊಡ್ತೀನಿ. ಈ ಅಮ್ಮನ ಮುಂದೆ ಹೇಳ್ತಿದ್ದೀನಿ. ನಿಮ್ಮಮ್ಮ ಸಾಯೋವರೆಗೂ ಅದನ್ನ ಕೇಳ್ತಾ ಇದ್ದಳು, ಅಪ್ಪ ಕೊಡಲಿಲ್ಲ. ನಾನು ಕೊಡ್ತೀನಿ. ನೀನು ಇಲ್ಲಿ ಒಂದು ಸಹಿ ಹಾಕು. ನಾವು ನಿಮ್ಮನ್ನ ಸಾಕಿಲ್ವಾ?”

ವಕೀಲೆ ಪೆನ್ನಿನ ಮುಚ್ಚಳ ತೆಗೆದು ನನ್ನ ಕಡೆ ತಿರುಗಿಸಿಟ್ಟಳು.

ನನಗೆ ಸಿಟ್ಟು ಬರಲಿಲ್ಲ. ಸುಸ್ತಾಯಿತು. ಇವರ ಮುಂದೆ ಕೂತಿದ್ದೇ ಸುಸ್ತು. ಆ ದಿಬ್ಬಕ್ಕೆ ನೀರು ಹತ್ತಿಸಲಿಲ್ಲ ಅಂತ ಬೆನ್ನಿಗೆ ಬಡಿದರು. ಈಗ ಹತ್ತಿತ್ತು ಅಂತ ಬರೆಸಿಕೊಳ್ಳುತ್ತಾರೆ. ಹತ್ತಿದ್ದರೆ ಆ ಏಟು ಯಾತಕ್ಕೆ ಬಿತ್ತು?

“ಹಾಕಲ್ಲ,” ಅಂದೆ.

“ಏನಂದೆ?”

“ಸಹಿ ಹಾಕಲ್ಲ. ನಿಮ್ಮಪ್ಪ ಆ ದಿಬ್ಬದ ಸಲುವಾಗಿ ನನಗೆ ಹೊಡೆದಿದ್ದಾರೆ. ಆಗ ನೀವು ಬೇಲಿ ಮೇಲೆ ಕೂತು ನೋಡ್ತಾ ಇದ್ರಿ. ಕೋರ್ಟಿಗೆ ಕಂಡೋರು ಬೇಕು ಅಂದ್ರಲ್ಲ, ನೀವೂ ಕಂಡಿದ್ದೀರಿ.”

ಎವರಿಸ್ತೊ ಕೆಂಪಾದ. ವಕೀಲೆ ಅವನನ್ನು ನೋಡಿದಳು, ಆಮೇಲೆ ಕಾಗದ ಮಡಚಿದಳು. ನಾನು ಎದ್ದೆ. ಕಾಫಿ ಹಾಗೇ ಇತ್ತು.

“ಹಾಗಾದ್ರೆ ಮನೆ ಖಾಲಿ ಮಾಡಬೇಕಾಗುತ್ತೆ,” ಅಂತ ಹಿಂದಿನಿಂದ ಹೇಳಿದ. “ಯೋಚನೆ ಮಾಡು.”

ಯೋಚನೆ ಮಾಡಿದೆ. ಮಗಳು ಇದಾಲಿಯಾ ಭಾನುವಾರ ಬಂದಳು. ಪಟ್ಟಣದ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೆಲಸ ಅವಳದು. ವಿಷಯ ಕೇಳಿ ತಲೆ ಮೇಲೆ ಕೈ ಹೊತ್ತಳು.

“ಅಮ್ಮಾ, ಮನೆ ಕಣಮ್ಮಾ! ಅಜ್ಜಿ ಕೇಳಿ ಕೇಳಿ ಸತ್ತಳು. ಒಂದು ಸಹಿ!”

“ಸುಳ್ಳು ಸಹಿ.”

“ಅವರು ನಮ್ಮ ವಿಷಯದಲ್ಲಿ ಎಷ್ಟು ಸುಳ್ಳು ಹೇಳಿದ್ದಾರೆ? ನೀನೊಂದು ಹೇಳು. ಓಹಿತೊಸ್‌ನವರಿಗೋಸ್ಕರ ಮನೆ ಕಳ್ಕೋತೀಯಾ? ಅವರೇನು ನಿನ್ನ ತಲೆ ಮೇಲೆ ಹೊತ್ತು ಮೆರೆಸಿದ್ರಾ?”

“ಅವರಿಗೋಸ್ಕರ ಅಲ್ಲ.”

“ಮತ್ತೆ ಯಾರಿಗೋಸ್ಕರ?”

ನಾನು ರೊಟ್ಟಿ ಮಗುಚುತ್ತಿದ್ದೆ. ಏನು ಹೇಳಲಿ? “ನಾನು ಮಾಡಿದ ಕೆಲಸ ಅದು,” ಅಂದೆ. “ಮಾಡಿದ್ದು ಮಾಡಿದ ಹಾಗೇ ಇರಲಿ. ಅದನ್ನೂ ಅವರಿಗೆ ಬೇಕಾದ ಹಾಗೆ ಬರ್ಕೊಂಡ್ರೆ ನಂದು ಅಂತ ಏನುಳೀತು?”

ಇದಾಲಿಯಾ ಚೀಲ ತೆಗೆದುಕೊಂಡಳು. ಊಟ ಮಾಡದೆ ಹೋದಳು. ಮುಂದಿನ ಭಾನುವಾರ ಬರಲಿಲ್ಲ.

ನವೆಂಬರಿನಲ್ಲಿ ಎಪಿಮೇನಿಯೊ ಬಂದ. ಬಾಗಿಲಲ್ಲಿ ಟೋಪಿ ತೆಗೆದು ನಿಂತ. ಎಪ್ಪತ್ತನಾಲ್ಕು ವರ್ಷದ ಮುದುಕ ನನ್ನ ಹೊಸ್ತಿಲ ಆಚೆ ಟೋಪಿ ತೆಗೆದದ್ದು ನೋಡಿ ನನಗೇ ಮುಜುಗರವಾಯಿತು.

“ನಾವು ಕೊನೆಯವರೆಲ್ಲ ಸೇರಿ ಕೋರ್ಟಲ್ಲಿ ತಕರಾರು ಹಾಕಿದ್ದೀವಿ,” ಅಂದ. “ನಮ್ಮ ಮಾತು ನಿಲ್ಲೋಲ್ಲ ಅಂತಾರೆ ವಕೀಲರು. ಹೊಲದೊಳಗೆ ಇದ್ದೋರು ಬೇಕಂತೆ.”

“ನೀರಿಲ್ಲದವಳಿಗೆ ಮಾತೆಲ್ಲಿಂದ ಬಂತು ಅಂದೋರು ನೀವೇ ಅಲ್ವಾ?”

ಅವನು ಟೋಪಿಯ ಅಂಚನ್ನು ತಿರುಗಿಸಿದ. “ಅಂದಿದ್ದೆ.”

“ಎಲ್ಲರೂ ನಕ್ಕಿರಿ.”

“ನಕ್ಕಿದ್ವಿ. ತಪ್ಪಾಯ್ತು ಅಂದ್ರೆ ಈಗ ಕೆಲಸ ಇದೆ ಅಂತ ಅಂದ ಹಾಗಾಗುತ್ತೆ. ಅದಕ್ಕೇ ಅಂತಿಲ್ಲ. ನಿನಗೆ ಕೊಡೋಕೆ ನನ್ನತ್ರ ಏನೂ ಇಲ್ಲ ಅವೆಲಿನಾ. ಮನೆ ಹೋದ್ರೆ ಮನೆ ಕೊಡಲಾರೆ.”

ಅಷ್ಟು ನೇರವಾಗಿ ಹೇಳಿದ್ದಕ್ಕೆ ಅವನನ್ನು ಒಳಗೆ ಕರೆದೆ. ಒಲೆಯ ಹತ್ತಿರ ಕೂತ. ನನ್ನ ಕೈಯ ಬೀನ್ಸ್ ತಿಂದ. ನಾನು ಎರಡು ವಾರ ಏನೂ ಹೇಳಲಿಲ್ಲ. ಆಮೇಲೆ ಹೇಳಿ ಕಳಿಸಿದೆ, ಬರ್ತೀನಿ, ಕಾರು ತನ್ನಿ, ನನ್ನ ಮಂಡಿಗೆ ಬಸ್ಸು ಹತ್ತಲಾಗಲ್ಲ.

ಕೋರ್ಟಿನ ಕೋಣೆ ಬಿಸಿಯಾಗಿತ್ತು. ನಿದ್ದೆ ಬರುವಂಥ ಬಿಸಿ. ಎವರಿಸ್ತೊ ಮುಂದಿನ ಸಾಲಲ್ಲಿ ಒಳ್ಳೆಯ ಕೋಟು ಹಾಕಿ ಕೂತಿದ್ದ. ಅರವತ್ತು ಎಕರೆ, ಏಪ್ರಿಲ್ಲಿನಿಂದ ಅಕ್ಟೋಬರ್ ಅಂತ ಅವನು ಆಗಲೇ ಸಹಿ ಹಾಕಿಕೊಟ್ಟಿದ್ದ. ನನ್ನ ಸರದಿ ಬಂದಾಗ ಕಂಡದ್ದು ಹೇಳಿದೆ. ಹಲಗೆ ದೋಣಿ ಮುರಿದದ್ದು, ದಿಬ್ಬ, ಸಾಂತಾ ಆನಾ, ಒಣಗಿದ ವರ್ಷಗಳು. ನನ್ನ ದನಿ ನನಗೇ ಚಿಕ್ಕದಾಗಿ ಕೇಳಿಸಿತು. ಜೋರಾಗಿ ಹೇಳಿ ಅಂತ ಎರಡು ಸಲ ಅಂದರು.

ಆಮೇಲೆ ಹಾಲ್ವರ್ಸನ್ ಎದ್ದಳು.

“ನಿಮಗೆ ಈ ಕಾಲುವೆಯಲ್ಲಿ ಹಕ್ಕು ಇದೆಯಾ?”

“ಇಲ್ಲ.”

“ಹೊಲ?”

“ಇಲ್ಲ.”

“ನೀರಿನ ಅಳತೆ ಕಲಿತಿದ್ದೀರಾ?”

“ಇಲ್ಲ. ಹೊತ್ತಿದ್ದೀನಿ.”

ಯಾರೋ ನಕ್ಕರು. ನಾನು ತಮಾಷೆಗೆ ಹೇಳಿರಲಿಲ್ಲ.

“ಮಂಜಾನಾರೆಸ್ ಅವರು ನಿಮ್ಮನ್ನ ಮನೆಯಿಂದ ಬಿಡಿಸ್ತಾ ಇದ್ದಾರೆ, ಅಲ್ವಾ? ಆ ಸಿಟ್ಟಿಗೆ ಹೇಳ್ತಿದ್ದೀರಿ.”

“ಸಹಿ ಹಾಕಲ್ಲ ಅಂದಿದ್ದಕ್ಕೆ ಬಿಡಿಸ್ತಾ ಇದ್ದಾರೆ. ನೀವು ಅಲ್ಲೇ ಇದ್ರಲ್ಲ, ಅವರು ಮನೆ ಕೊಡ್ತೀನಿ ಅಂದಾಗ.”

ಅವಳು ಕಾಗದ ನೋಡಿಕೊಂಡಳು. “ದಿಬ್ಬಕ್ಕೆ ನಲವತ್ತೊಂದು ವರ್ಷದಲ್ಲಿ ನೀರು ಹೋಗಲಿಲ್ಲ ಅನ್ನೋದಕ್ಕೆ ನಿಮ್ಮತ್ರ ಯಾವ ದಾಖಲೆ ಇದೆ? ನಿಮ್ಮ ಬಾಯಿಮಾತು ಬಿಟ್ಟು?”

“ನನ್ನತ್ರ ಇಲ್ಲ,” ಅಂದೆ. “ನಿಮ್ಮತ್ರ ಇದೆ.”

ನ್ಯಾಯಾಧೀಶರು ಮೊದಲ ಸಲ ನನ್ನ ಮುಖ ನೋಡಿದರು. “ಬಿಡಿಸಿ ಹೇಳಿ ಅಮ್ಮ,” ಅಂದರು.

“ಬೇಸಿಗೆಯಿಡೀ ಹೊಲದಲ್ಲಿ ಗಿಡ ಸಾಯಿಸಿದೆ. ಕಂಪನಿ ಕೊಟ್ಟ ನಕ್ಷೆ. ಯಾವ ಚೌಕದಲ್ಲಿ ಎಷ್ಟು ಗಿಡ ಅಂತ ವಾರವಾರ ಬರೆದಿದ್ದೀನಿ. ನೀರು ಕಂಡ ಜಾಗದಲ್ಲೆಲ್ಲ ಹಳೇ ಬುಡ ಇತ್ತು. ದಿಬ್ಬದ ಚೌಕಗಳಲ್ಲಿ ಸೊನ್ನೆ. ಒಂದು ಗಿಡವೂ ಇಲ್ಲ. ನೀರು ಹೋಗಿದ್ರೆ ಗಿಡ ಇರ್ತಿತ್ತು. ಗಿಡ ಇದ್ದಿದ್ರೆ ನೀವು ನನ್ನ ಕೈಲಿ ಸಾಯಿಸ್ತಿದ್ರಿ.”

ಬ್ರೆಂಟನನ್ನು ಕರೆದರು. ಹುಡುಗ ಬಿಳುಚಿಕೊಂಡಿದ್ದ. ಹಾಳೆಗಳಿವೆಯಾ ಅಂದರು. ಇವೆ ಅಂದ. ಸರ್ಕಾರಕ್ಕೆ ಕಂಪನಿಯೇ ಕಳಿಸಿದೆಯಾ ಅಂದರು. ಕಳಿಸಿದೆ ಅಂದ. ದಿಬ್ಬದ ಚೌಕಗಳಲ್ಲಿ ಏನಿದೆ ಅಂದರು. ಅವನು ತನ್ನ ಕಂಪನಿಯವರ ಕಡೆ ನೋಡಲಿಲ್ಲ. “ಸೊನ್ನೆ,” ಅಂದ.

ತೀರ್ಪು ಮಾರ್ಚಿಗೆ ಬಂತು. ದಿಬ್ಬ ತೆಗೆದುಹಾಕಿದರು. ಆಗಸ್ಟ್ ನಂತರದ ತಿಂಗಳುಗಳನ್ನೂ ತೆಗೆದರು. ಕಂಪನಿ ಕೇಳಿದ್ದರಲ್ಲಿ ಅರ್ಧಕ್ಕಿಂತ ಕಡಿಮೆ ಸಿಕ್ಕಿತು. ಕಂಪನಿ ಯೋಚಿಸಿದ್ದ ಎರಡನೇ ಗುಂಡಿಗೆ ಆ ನೀರು ಸಾಲದು, ತೋಡುವಂತಿಲ್ಲ. ಓಹಿತೊಸ್‌ನಲ್ಲಿ ಕುರಿ ಕಡಿದು ಊಟ ಹಾಕಿದರಂತೆ. ನನ್ನನ್ನೂ ಕರೆದರು. ಹೋಗಲಿಲ್ಲ. ಆವತ್ತು ನಾನು ಪಾತ್ರೆ ಕಟ್ಟುತ್ತಿದ್ದೆ.

ಮೊದಲನೇ ಗುಂಡಿ ಹಾಗೇ ಇದೆ. ಕುಡಿಯುತ್ತಲೇ ಇದೆ. ತಗ್ಗಿನ ಹೊಲ ಸತ್ತೇ ಇದೆ. ಗೆದ್ದದ್ದು ಅಂದರೆ ಇಷ್ಟೇ. ಇನ್ನೂ ಕೆಟ್ಟದ್ದು ಆಗಬೇಕಿತ್ತು, ಆಗಲಿಲ್ಲ.

ಮನೆ ಬಿಡುವ ದಿನ ಎವರಿಸ್ತೊ ಬರಲಿಲ್ಲ, ಬೀಗ ಕಳಿಸಿದ. ಸಾಮಾನು ಹೊರಲು ಎಪಿಮೇನಿಯೊ ತನ್ನ ಟ್ರಕ್ಕು ತಂದ. ಇದಾಲಿಯಾಳ ಬಾಡಿಗೆ ಮನೆ ನಾಲ್ಕನೇ ಬೀದಿಯಲ್ಲಿ. ಬಾಗಿಲು ತೆಗೆದು, ನನ್ನ ಕೈಯ ಗಂಟು ತೆಗೆದುಕೊಂಡು, “ಸೋಫಾ ಮೇಲೆ ಹಾಸಿದ್ದೀನಿ,” ಅಂದಳು. ಅಷ್ಟೇ. ಅಡುಗೆ ಮಾಡಿಟ್ಟಿದ್ದಳು.

ಈಗ ಆಲೂಗಡ್ಡೆ ಗೋದಾಮಿನಲ್ಲಿ ಕೆಲಸ. ಉದ್ದ ಪಟ್ಟಿ ಓಡುತ್ತದೆ. ಕೊಳೆತದ್ದು, ಹಸಿರಾದದ್ದು, ಕತ್ತರಿಸಿದ್ದು ತೆಗೆದು ಪಕ್ಕಕ್ಕೆ ಹಾಕಬೇಕು. ಎಂಟು ತಾಸು ನಿಂತುಕೊಂಡೇ. ಮೊದಲ ತಿಂಗಳು ಕಣ್ಣು ಮುಚ್ಚಿದರೂ ನೆಲ ಓಡುತ್ತಿತ್ತು. ಅರವತ್ತಮೂರಕ್ಕೆ ಹೊಸ ಕೆಲಸ ಕಲಿಯುವುದು ಅಂದರೆ ಹಾಗೆ.

ಮೊನ್ನೆ ಮಧ್ಯಾಹ್ನ ಊಟದ ಬಿಡುವಿನಲ್ಲಿ ಒಬ್ಬ ಗಂಡಸು ಹುಡುಕಿಕೊಂಡು ಬಂದ. ಐವತ್ತರ ಮೇಲಿನವನು, ಹೆಗಲು ಒಂದು ಕಡೆ ಜಗ್ಗಿದೆ. ಆ ಹೆಗಲು ನೋಡಿದ ಕೂಡಲೇ ಯಾವ ಕೆಲಸದವನು ಅಂತ ಗೊತ್ತಾಯಿತು. ಹೆಸರು ಕ್ರೆಸೆನ್ಸಿಯೊ. ಹೊಳೆಯಾಚೆಯ ಬೇರೊಂದು ಕಾಲುವೆ, ಬೇರೊಬ್ಬ ಯಜಮಾನ, ಬೇರೊಂದು ಕಂಪನಿ.

ಜೇಬಿನಿಂದ ಕಾಗದ ತೆಗೆದು ನನ್ನ ಊಟದ ಡಬ್ಬಿಯ ಪಕ್ಕ ಇಟ್ಟ. ಅದೇ ಬಗೆಯ ಕಾಗದ. ‘ಪ್ರಮಾಣ ಮಾಡಿ ತಿಳಿಯಪಡಿಸುವುದೇನೆಂದರೆ’.

“ನೀರು ಹಾಯಿಸಿದ್ದು ಯಾರು?” ಅಂದೆ.

“ನಾನೇ ಅಕ್ಕಾ. ಇಪ್ಪತ್ತೆಂಟು ವರ್ಷ.”

“ಇದರಲ್ಲಿ ಸುಳ್ಳು ಎಲ್ಲಿದೆ?”

ಅವನು ಬೆರಳಿಟ್ಟು ಮೂರು ಕಡೆ ತೋರಿಸಿದ. ಉಗುರು ಕಪ್ಪಾಗಿತ್ತು.

“ಸಹಿ ಹಾಕದೇ ಇದ್ರೆ ಏನ್ ಮಾಡ್ತಾರೆ?”

“ಕೆಲಸದಿಂದ ತೆಗೀತಾರೆ. ಇರೋ ಜಾಗಾನೂ ಅವರದೇ.” ತಲೆ ಎತ್ತಿದ. “ನೀವು ಗೆದ್ರಂತಲ್ಲ ಅಕ್ಕಾ?”

“ಗೆದ್ದೆ. ಗೆದ್ದ ಮೇಲೇ ಮನೆ ಹೋಯ್ತು.”

ಅವನ ಮುಖ ಇಳಿಯಿತು. ನನಗೆ ಸುಳ್ಳು ಸಮಾಧಾನ ಹೇಳಲು ಬರುವುದಿಲ್ಲ. ಅವನು ಕಾಗದ ಮಡಚಿದ, ಬಿಚ್ಚಿದ, ಮತ್ತೆ ಮಡಚಿದ. ಸಹಿಯ ಜಾಗ ಖಾಲಿ ಇತ್ತು. ಇನ್ನೂ ಖಾಲಿ ಇತ್ತು. ಅದನ್ನು ನಾನು ನೋಡಿದೆ.

“ನಿಮ್ಮ ಹೊಲ ಎಲ್ಲಿದೆ?” ಅಂದೆ.

“ಹಳೇ ಸೇತುವೆ ದಾಟಿ ಎರಡು ಮೈಲಿ.”

“ಭಾನುವಾರ ಬಂದು ಕರ್ಕೊಂಡು ಹೋಗು. ನೀರು ಎಲ್ಲಿಗೆ ಹೋಗಲ್ಲ ಅಂತ ನೀನು ತೋರಿಸು, ನಾನು ನೋಡ್ತೀನಿ. ಒಬ್ಬರು ಕಂಡ್ರೆ ಸುಳ್ಳು ಅಂತಾರೆ. ಇಬ್ಬರು ಕಂಡ್ರೆ ಬರ್ಕೋಬೇಕಾಗುತ್ತೆ.”

“ನಿಮ್ಮನ್ನೂ ಇಲ್ಲಿಂದ ತೆಗೆದ್ರೆ?”

ಗಂಟೆ ಹೊಡೆಯಿತು. ಪಟ್ಟಿ ಓಡತೊಡಗಿತು. ನಾನು ಮೇಜು ಹಿಡಿದುಕೊಂಡು ಎದ್ದೆ, ಮಂಡಿ ಬೇಗ ನೆಟ್ಟಗಾಗುವುದಿಲ್ಲ.

“ಬೆಳಗ್ಗೆ ಎಂಟಕ್ಕೇ ಬಾ,” ಅಂದೆ. “ಬಿಸಿಲು ಏರಿದ ಮೇಲೆ ನನಗೆ ನಡೆಯೋಕಾಗಲ್ಲ.”